ಪೊಲೀಸ್, ಅಗ್ನಿಶಾಮಕ ದಳ, ಆಂಬುಲೆನ್ಸ್ ಇರುವಾಗ ಹೆದ್ದಾರಿಗೆ ಬೇರೆ ತುರ್ತು ತಂಡ ಯಾಕೆ?

ನೀವು ಕೇಳಿರುವುದು ಇಷ್ಟು: ಹೆದ್ದಾರಿಯಲ್ಲಿ ದೊಡ್ಡ ಅಪಘಾತವಾದರೆ ಪೊಲೀಸರು, ಅಗ್ನಿಶಾಮಕದವರು, ಆಂಬುಲೆನ್ಸ್ ಹೇಗೂ ಬರುತ್ತಾರೆ. ಅದಕ್ಕೆಂದೇ ಇನ್ನೊಂದು ತಂಡ ಕಟ್ಟುವುದು ದುಡ್ಡು ದಂಡ ಅಲ್ವಾ? ನಾನು ಹೆದ್ದಾರಿ ಗಸ್ತು ಮತ್ತು ತೆರವು ತಂಡದಲ್ಲಿ ಕೆಲಸ ಮಾಡಿದವನು. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ. ದಂಡ ಅಲ್ಲ ಅನ್ನುತ್ತೇನೆ.

ಮೂವರೂ ಬರುತ್ತಾರೆ, ನಿಜ. ಬಂದವರ ಗಮನ ಎಲ್ಲಿರುತ್ತದೆ ನೋಡಿ. ಆಂಬುಲೆನ್ಸ್ ಸಿಬ್ಬಂದಿಗೆ ಗಾಯಾಳು ಮುಖ್ಯ. ಅಗ್ನಿಶಾಮಕದವರಿಗೆ ನಜ್ಜುಗುಜ್ಜಾದ ಗಾಡಿ. ಪೊಲೀಸರು ಗುಂಪು ಚದುರಿಸಬೇಕು, ಹೇಳಿಕೆ ಪಡೆಯಬೇಕು. ಎಲ್ಲರೂ ಬರುವ ವಾಹನಗಳಿಗೆ ಬೆನ್ನು ಹಾಕಿ ನಿಂತಿರುತ್ತಾರೆ. ಹೆದ್ದಾರಿಯಲ್ಲಿ ಮುಂದಿನ ಅಪಾಯ ಬರುವುದೇ ಆ ಬೆನ್ನ ಹಿಂದಿನಿಂದ.

ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ತಿರುವು ದಾಟಿದ ಚಾಲಕನಿಗೆ ಮುಂದೆ ವಾಹನಗಳ ಸಾಲು ಕಾಣುತ್ತದೆ. ಅದು ನಿಂತೇಬಿಟ್ಟಿದೆ ಅಂತ ತಲೆಗೆ ಹೋಗಲು 2 ಸೆಕೆಂಡ್ ಹಿಡಿದರೆ 56 ಮೀಟರ್ ಕಳೆಯಿತು, ಬ್ರೇಕ್ ಇನ್ನೂ ಒತ್ತಿಲ್ಲ. ಲೋಡ್ ತುಂಬಿದ ಲಾರಿಯಾದರೆ ಕೇಳುವುದೇ ಬೇಡ. ಎರಡನೇ ಅಪಘಾತ ಆಗುವುದು ಹೀಗೆ. ಕೆಲವು ಸಲ ಅದು ಮೊದಲನೆಯದಕ್ಕಿಂತ ಭೀಕರವಾಗಿರುತ್ತದೆ.

ಇದರಲ್ಲಿ ಇನ್ನೊಂದು ತೊಡಕಿದೆ. ಸಾಲಿನ ಬಾಲ ಒಂದೇ ಕಡೆ ಇರುವುದಿಲ್ಲ, ಗಾಡಿಗಳು ಸೇರಿದ ಹಾಗೆಲ್ಲ ಹಿಂದಕ್ಕೆ ಬೆಳೆಯುತ್ತದೆ. ಸ್ವಲ್ಪ ಹೊತ್ತಿನ ಮುಂಚೆ ಸರಿಯಾದ ಜಾಗದಲ್ಲೇ ಇಟ್ಟ ಎಚ್ಚರಿಕೆ ಫಲಕ ಈಗ ಸಾಲಿನ ನಡುವೆ ಸಿಕ್ಕಿಹಾಕಿಕೊಂಡಿರುತ್ತದೆ. ಅದರಿಂದ ಯಾರಿಗೆ ಉಪಯೋಗ? ಬಾಲಕ್ಕಿಂತ ಸಾಕಷ್ಟು ಹಿಂದೆ ಇದ್ದು, ಅದು ಬೆಳೆದಂತೆ ತಾನೂ ಸರಿಯುತ್ತಾ, ಬರುವವರನ್ನು ನಿಧಾನ ಮಾಡಿಸುವುದು ಒಬ್ಬರ ಪೂರ್ತಿ ಕೆಲಸ. ನಮ್ಮಲ್ಲಿ ಅದಕ್ಕೇ ಒಂದು ಗಾಡಿ ಮೀಸಲಿತ್ತು. ನೋಡುವವರಿಗೆ ಅವರು ಸುಮ್ನೆ ದೂರದಲ್ಲಿ ನಿಂತಂತೆ ಕಾಣುತ್ತಾರೆ. ಬೈಸಿಕೊಳ್ಳುವುದೂ ಅವರೇ.

ಅಪಘಾತದ ಜಾಗದಲ್ಲಿ ಗಾಡಿ ನಿಲ್ಲಿಸುವುದಕ್ಕೂ ಒಂದು ಕ್ರಮ ಇದೆ. ಭಾರಿ ವಾಹನವನ್ನು ಓರೆಯಾಗಿ ಅಡ್ಡ ನಿಲ್ಲಿಸಿ, ಮುಂದಿನ ಚಕ್ರಗಳನ್ನು ಕೆಲಸ ಮಾಡುವವರಿಂದ ಆಚೆಗೆ ತಿರುಗಿಸಿಡುತ್ತಾರೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಅದು ಜನರ ಮೇಲೆ ನುಗ್ಗದೆ ಪಕ್ಕಕ್ಕೆ ಸರಿಯಲಿ ಅಂತ. ರಾತ್ರಿ ಹೊತ್ತು ನಿಂತ ಗಾಡಿಗಳ ಹೆಡ್‌ಲೈಟ್ ಆರಿಸಿ, ಬೇಡದ ಮಿನುಗು ದೀಪಗಳನ್ನೂ ಕಡಿಮೆ ಮಾಡುತ್ತಾರೆ. ದೀಪ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಬರುವವನ ಕಣ್ಣು ಕುಕ್ಕಿದರೆ ರಸ್ತೆಯಲ್ಲಿ ನಿಂತ ಮನುಷ್ಯನೇ ಅವನಿಗೆ ಕಾಣುವುದಿಲ್ಲ.

ಇನ್ನು ಜಗಳದ ವಿಷಯ. ಅಗ್ನಿಶಾಮಕದವರು ಇಡೀ ರಸ್ತೆ ಮುಚ್ಚಿ ಅನ್ನುತ್ತಾರೆ. ಪೊಲೀಸರು ಒಂದು ಲೇನ್ ಆದರೂ ಬಿಡಿ ಅನ್ನುತ್ತಾರೆ. ಇಬ್ಬರ ಮಾತಲ್ಲೂ ಹುರುಳಿದೆ. ಮೂರು ಲೇನುಗಳಲ್ಲಿ ಒಂದನ್ನು ಮುಚ್ಚಿದರೆ ರಸ್ತೆಯ ಸಾಮರ್ಥ್ಯ ಮೂರರಲ್ಲೊಂದು ಭಾಗ ಇಳಿಯಬೇಕಿತ್ತು, ನಿಜಕ್ಕೂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಉಳಿದವರೆಲ್ಲ ನಿಧಾನ ಮಾಡಿ ಇಣುಕುತ್ತಾರಲ್ಲ! ಬ್ರಿಟನ್ನಿನಲ್ಲಿ ಇದಕ್ಕಾಗಿ ಪರದೆ ಕಟ್ಟುವುದುಂಟು. ಗಾಯಗೊಂಡವರ ಮರ್ಯಾದೆಗಾಗಿಯಾದರೂ ಅದು ಎಲ್ಲ ಕಡೆ ಬರಬೇಕು ಅಂತ ನನಗನ್ನಿಸುತ್ತದೆ.

ಯಾರ ಮಾತು ನಡೆಯಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು. 1970ರಲ್ಲಿ ಕ್ಯಾಲಿಫೋರ್ನಿಯಾದ ದೊಡ್ಡ ಕಾಡ್ಗಿಚ್ಚುಗಳಲ್ಲಿ ಬೇರೆ ಬೇರೆ ಇಲಾಖೆಗಳ ನಡುವೆ ಹೊಂದಾಣಿಕೆಯೇ ಇರಲಿಲ್ಲ. ಆ ಗೊಂದಲದ ನಂತರ ರೂಪಿಸಿದ ಪದ್ಧತಿಯನ್ನೇ ಅಮೆರಿಕದಲ್ಲಿ ಹೆದ್ದಾರಿ ಅಪಘಾತಗಳಿಗೂ ಬಳಸುತ್ತಾರೆ. ಎಲ್ಲ ಇಲಾಖೆಗಳ ಮುಖ್ಯಸ್ಥರು ಒಂದೇ ಕಡೆ ನಿಲ್ಲಬೇಕು. ವೈರ್‌ಲೆಸ್‌ನಲ್ಲಿ ಇಲಾಖೆಯ ಗುಪ್ತ ಸಂಕೇತ ಬಿಟ್ಟು ಎಲ್ಲರಿಗೂ ಅರ್ಥವಾಗುವ ಮಾತು ಆಡಬೇಕು.

ಟ್ಯಾಂಕರ್ ಉರುಳಿದರಂತೂ ಲೆಕ್ಕವೇ ಬೇರೆ. ಹತ್ತಿರ ಓಡಬಾರದು. ಗಾಳಿ ಬೆನ್ನಿಗೆ ಬೀಸುವ ದಿಕ್ಕಿನಿಂದ, ದೂರದಲ್ಲೇ ನಿಂತು, ಬೈನಾಕ್ಯುಲರ್ ಹಿಡಿದು ಫಲಕದ ನಾಲ್ಕಂಕಿ ಸಂಖ್ಯೆ ಓದಬೇಕು. 1203 ಅಂದರೆ ಪೆಟ್ರೋಲ್, 1075 ಎಲ್‌ಪಿಜಿ, 1017 ಕ್ಲೋರಿನ್. ಯುರೋಪಿನ ಕಿತ್ತಳೆ ಫಲಕದಲ್ಲಿ ಇದರ ಮೇಲೆ ಇನ್ನೊಂದು ಸಂಖ್ಯೆ ಇರುತ್ತದೆ. ಅದರ ಮುಂದೆ ಎಕ್ಸ್ ಅಕ್ಷರ ಕಂಡರೆ ಆ ಸರಕು ನೀರು ತಾಗಿದರೆ ಅಪಾಯ ಅಂತ ಅರ್ಥ. ಎಲ್‌ಪಿಜಿ ಟ್ಯಾಂಕಿಗೇ ಬೆಂಕಿ ತಗುಲಿದ್ದರೆ ಸುತ್ತ 1600 ಮೀಟರ್ ಖಾಲಿ ಮಾಡಿಸಿ ಅನ್ನುತ್ತದೆ ಉತ್ತರ ಅಮೆರಿಕದ ತುರ್ತು ಕೈಪಿಡಿ. ಆಗ ಆ ವ್ಯಾಪ್ತಿಯೊಳಗೆ ಸಿಕ್ಕಿಬಿದ್ದ ಸಾಲನ್ನು ಯಾರು ಹಿಂದಕ್ಕೆ ತಿರುಗಿಸಬೇಕು? ದೂರದಲ್ಲಿ ಸುಮ್ನೆ ನಿಂತಂತೆ ಕಂಡವರೇ.

ಗಾಡಿ ಕತ್ತರಿಸಿ ಜನರನ್ನು ಹೊರತೆಗೆಯುವುದನ್ನು ವಿಡಿಯೋಗಳಲ್ಲಿ ನೋಡಿರುತ್ತೀರಿ, ಅದನ್ನು ಬಿಡುತ್ತೇನೆ. ಎಲೆಕ್ಟ್ರಿಕ್ ಕಾರಿನ ಬಗ್ಗೆ ಮಾತ್ರ ಒಂದು ಮಾತು: ಬ್ಯಾಟರಿಯ ಬೆಂಕಿ ಆರಿದ ಎಷ್ಟೋ ಗಂಟೆಗಳ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಎಳೆದುಕೊಂಡು ಹೋದ ಮೇಲೂ ಅದನ್ನು ಬೇರೆ ಗಾಡಿಗಳಿಂದ ದೂರವೇ ಇಡಬೇಕು.

ಗಾಯಾಳುಗಳು ಹೋದ ಮೇಲೆ ಕೆಲಸ ಮುಗಿಯಿತು ಅಂತ ಜನ ಅಂದುಕೊಳ್ಳುತ್ತಾರೆ. ಗಂಟೆಗಟ್ಟಲೆ ಸಮಯ ಹೋಗುವುದು ಆಮೇಲೆ. ಮಗುಚಿದ ಲಾರಿಗೆ ಮಾಮೂಲಿ ಕ್ರೇನ್ ಸಾಲದು. ಟ್ಯಾಂಕರನ್ನು ಎಷ್ಟೋ ಸಲ ಮೊದಲು ಖಾಲಿ ಮಾಡಿ, ಕೆಳಗೆ ಗಾಳಿಚೀಲ ಇಟ್ಟು ನಿಧಾನವಾಗಿ ಎತ್ತಬೇಕು. ದೊಡ್ಡ ಯಂತ್ರ ಯಾರ ಹತ್ತಿರ ಇದೆ ಅಂತ ಆವಾಗ ಫೋನ್ ಮಾಡುತ್ತಾ ಕೂತರೆ ಆಯಿತು ಕಥೆ. ಫ್ಲೋರಿಡಾದಲ್ಲಿ ಇದಕ್ಕೆ ಮೊದಲೇ ಒಪ್ಪಂದ ಮಾಡಿಕೊಂಡಿರುತ್ತಾರೆ. ಕೆಲಸ ಶುರುಮಾಡಿ ಅಂದಾಗಿನಿಂದ 90 ನಿಮಿಷದೊಳಗೆ ರಸ್ತೆ ತೆರವಾದರೆ ಗುತ್ತಿಗೆದಾರರಿಗೆ ಬೋನಸ್, ತೀರಾ ತಡವಾದರೆ ದಂಡ. ಈ ಒಂದು ಉಪಾಯ ನನಗೆ ಬಹಳ ಇಷ್ಟ.

ಇಂಥ ತಂಡಗಳು ಹೊಸದೇನಲ್ಲ. ಷಿಕಾಗೊದ ಹೆದ್ದಾರಿಗಳಲ್ಲಿ 1960ರ ದಶಕದಿಂದ ಗಸ್ತು ಗಾಡಿಗಳಿವೆ. ಇಂಗ್ಲೆಂಡಿನಲ್ಲಿ 2004ರಿಂದ ಪೊಲೀಸರಲ್ಲದ ಸಂಚಾರ ಅಧಿಕಾರಿಗಳು ರಸ್ತೆಗಿಳಿದರು. ವಾಹನ ನಿಲ್ಲಿಸುವ, ಬೇರೆ ದಾರಿಗೆ ತಿರುಗಿಸುವ ಅಧಿಕಾರ ಅವರಿಗಿದೆ. ಜರ್ಮನಿಯಲ್ಲಿ ವಾಹನಗಳ ವೇಗ ನಡಿಗೆಯಷ್ಟಕ್ಕೆ ಇಳಿದ ಕೂಡಲೇ ಎಡತುದಿಯ ಲೇನಿನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ನಡುವೆ ದಾರಿ ಬಿಡಬೇಕು ಅಂತ ಕಾನೂನೇ ಇದೆ. ಅದಿಲ್ಲದಿದ್ದರೆ ಎಂಥಾ ತಂಡವೂ ಆ ಸಾಲಿನಲ್ಲೇ ನಿಂತಿರಬೇಕಾಗುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ, ಹೊಳೆಯುವ ದೊಡ್ಡ ಗಾಡಿಗಳನ್ನು ಕೊಂಡು ಫೋಟೋ ತೆಗೆಸಿಕೊಳ್ಳುವುದಷ್ಟೇ ಆದರೆ ನೀವು ಹೇಳಿದಂತೆ ದಂಡವೇ. ನನ್ನನ್ನು ಕೇಳಿದರೆ ಮೊದಲ ಖರ್ಚು ಕೋನ್, ಎಚ್ಚರಿಕೆ ಫಲಕದ ಗಾಡಿ, ಕಂಟ್ರೋಲ್ ರೂಮಿನ ಕ್ಯಾಮೆರಾಗಳ ಮೇಲೆ ಆಗಬೇಕು. ಆಮೇಲೆ ಎಲ್ಲ ಇಲಾಖೆಯವರನ್ನೂ ಸೇರಿಸಿ, ಮುಚ್ಚಿದ ರಸ್ತೆಯಲ್ಲಿ, ರಾತ್ರಿ ಹೊತ್ತು ಅಭ್ಯಾಸ ಮಾಡಿಸಬೇಕು. ಕ್ರೇನನ್ನು ಒಪ್ಪಂದದ ಮೇಲೆ ತರಿಸಬಹುದು.