ಕೆರೆ ಸುತ್ತಬೇಡಿ, ದಡದಲ್ಲಿ ಕೂತುಕೊಳ್ಳಿ

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಸಂತದಲ್ಲಿ ಹಕ್ಕಿಗಳು ವಲಸೆ ಹೊರಡುತ್ತವೆ ಅಂತ ನಮ್ಮ ಪತ್ರಿಕೆಯಲ್ಲಿ ಓದಿ ಮೂರು ಭಾನುವಾರ ಕೆರೆಗೆ ಹೋಗಿದ್ದೀರಿ, ಪ್ರತಿ ಸಲವೂ ಪೂರ್ತಿ ಒಂದು ಸುತ್ತು ಹಾಕಿದ್ದೀರಿ. ಹತ್ತಿರ ಹೋಗುವಷ್ಟರಲ್ಲಿ ಹಕ್ಕಿಗಳೆಲ್ಲ ಎದ್ದು ಆಚೆ ದಡ ಸೇರಿದವು. ಕಂಡದ್ದು ಬರೀ ಕಂದು ಬಣ್ಣದ, ಒಂದೇ ಥರದ ಹಕ್ಕಿಗಳು. ಅದರಲ್ಲಿ ಬಾಲ ಕುಣಿಸುತ್ತಿದ್ದ ಒಂದರ ಹೆಸರು ಕೇಳಿದ್ದೀರಿ. ಕೊನೆಗೆ, "ಇನ್ನೂ ದೊಡ್ಡ ಬೈನಾಕ್ಯುಲರ್ ತಗೋಬೇಕಾ, ಇಲ್ಲ ಇದು ನನ್ನ ಕೈಲಾಗದ ಕೆಲಸವಾ?" ಅಂತ ಬೇಜಾರಿನಿಂದ ಬರೆದಿದ್ದೀರಿ.

ಬೈನಾಕ್ಯುಲರ್ ಮಾತು ಮೊದಲು ಮುಗಿಸಿಬಿಡೋಣ. ನಿಮ್ಮ ಹತ್ತಿರ ಇರುವ 8×42 ಧಾರಾಳವಾಗಿ ಸಾಕು. 8 ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಪಟ್ಟು ಜಾಸ್ತಿ ಆದಷ್ಟೂ ಕೈ ನಡುಕವೂ ದೊಡ್ಡದಾಗಿ ಕಾಣುತ್ತದೆ. ದುಡ್ಡು ಉಳಿಸಿ.

ಬಿಡಬೇಕಾದ್ದು ಆ ಸುತ್ತು ಹಾಕುವುದನ್ನು. ಒಂದು ಕಡೆ ಕೂತುಕೊಳ್ಳಿ. ನಾನೂ ಮೊದಲ ವರ್ಷವಿಡೀ ನಿಮ್ಮ ಹಾಗೇ ನಡೆದವನು. ಒಂದು ದಿನ ಕಾಲು ಸೋತು ಒದ್ದೆ ಹುಲ್ಲಿನ ಮೇಲೆ ಕೂತೆ. ಹತ್ತು ನಿಮಿಷ ಏನೂ ಇಲ್ಲ. ಇಪ್ಪತ್ತು ನಿಮಿಷಕ್ಕೆ ಆಚೆ ದಡಕ್ಕೆ ಹಾರಿದ್ದ ಗೊರವಗಳು ಒಂದೊಂದಾಗಿ ವಾಪಸ್ ಬಂದವು. ಅದರಲ್ಲಿ ಒಂದು ಕೆಸರು ಕುಕ್ಕುತ್ತಾ ಕುಕ್ಕುತ್ತಾ ನನ್ನ ಮಂಡಿಯಿಂದ ಎರಡು ಮಾರು ದೂರಕ್ಕೆ ಬಂತು, ಅದರ ಕೊಕ್ಕಿನ ತುದಿಯಲ್ಲಿ ಅಂಟಿದ್ದ ಕೆಸರು ಬರಿಗಣ್ಣಿಗೇ ಕಾಣುತ್ತಿತ್ತು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ಹೀಗೆ ಕೂರಬೇಕು ಅನ್ನುವುದು ನಮ್ಮ ಅನುಕೂಲಕ್ಕಷ್ಟೇ ಅಲ್ಲ. ಆ ಹಕ್ಕಿಗಳು ಅಲ್ಲಿ ಇಳಿದಿರುವುದೇ ಹೊಟ್ಟೆಗಾಗಿ. 2022ರಲ್ಲಿ, ಎಲ್ಲಿದೆ ಅಂತ ತಿಳಿಸುವ ಟ್ರಾನ್ಸ್‌ಮಿಟರ್ ಕಟ್ಟಿದ್ದ ಒಂದು ಬಾರ್-ಟೇಲ್ಡ್ ಗಾಡ್‌ವಿಟ್ (ಕೆಸರಿನಲ್ಲಿ ಮೇಯುವ ಉದ್ದ ಕೊಕ್ಕಿನ ಹಕ್ಕಿ), ಹುಟ್ಟಿ ಸುಮಾರು ಐದು ತಿಂಗಳಾಗಿದ್ದದ್ದು, ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾಕ್ಕೆ ಸುಮಾರು 13,560 ಕಿಲೋಮೀಟರ್ ಹಾರಿತು, 11 ದಿನ, ನಡುವೆ ಎಲ್ಲೂ ಇಳಿಯದೆ. ಅದೇ ಜಾತಿಯ ಹಕ್ಕಿಗಳು ವಸಂತದಲ್ಲಿ ಉತ್ತರಕ್ಕೆ ವಾಪಸ್ ಹೋಗುವಾಗ ಚೀನಾ-ಕೊರಿಯಾ ನಡುವಿನ ಹಳದಿ ಸಮುದ್ರದ ಕೆಸರು ದಡಗಳಲ್ಲಿ ಇಳಿದು ವಾರಗಟ್ಟಲೆ ತಿನ್ನುತ್ತವೆ. ದೂರ ಹಾರುವ ಕೆಲವು ಹಕ್ಕಿಗಳ ತೂಕ ಹೊರಡುವ ಹೊತ್ತಿಗೆ ಹೆಚ್ಚುಕಡಿಮೆ ಎರಡರಷ್ಟಾಗಿರುತ್ತದೆ, ಹೆಚ್ಚಿದ್ದರಲ್ಲಿ ಬಹುಪಾಲು ಕೊಬ್ಬು, ದಾರಿಯ ಬುತ್ತಿ. ನಾವು ಒಂದು ಸಲ ಎಬ್ಬಿಸಿದರೆ ತಿನ್ನುವ ಹೊತ್ತೂ ಹೋಯಿತು, ತಿಂದದ್ದೂ ಹಾರಾಟಕ್ಕೆ ಖರ್ಚಾಯಿತು. ಫೋಟೋಗಾಗಿ ಹಿಂಡಿನ ಮೇಲೆ ನುಗ್ಗುವವರನ್ನು, ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕೂರುವುದು ಎಲ್ಲಿ? ನೀರಿನ ನಡುವೆ ನೋಡುತ್ತಾ ಕೂರಬೇಡಿ, ನೀರು ಸರಿದು ಕೆಸರು ಬಿಟ್ಟಿರುವ ಅಂಚು ಹುಡುಕಿ. ಸೂರ್ಯ ಬೆನ್ನ ಹಿಂದಿರಲಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪು ನೆರಳಾಗಿಯೇ ಕಾಣುತ್ತದೆ. ಬೆಳಕು ಹರಿಯುವ ಮೊದಲೇ ಹೋಗಿ, ಯಾಕೆಂದರೆ ಎಷ್ಟೋ ಹಕ್ಕಿಗಳು ರಾತ್ರಿಯೆಲ್ಲ ಹಾರಿ ಬೆಳಗಿನ ಜಾವ ಇಳಿಯುತ್ತವೆ. ರಾತ್ರಿ ಮಳೆಯೋ ಎದುರುಗಾಳಿಯೋ ಬಂದಿದ್ದರೆ ಮಾರನೇ ಬೆಳಗ್ಗೆ ತಪ್ಪಿಸಿಕೊಳ್ಳಲೇಬೇಡಿ, ಮುಂದೆ ಹೋಗಬೇಕಿದ್ದವು ದಾರಿ ಕಾಣದೆ ಇಳಿದಿರುತ್ತವೆ. ಆಕಾಶ ತಿಳಿಯಾಗಿ ಹಿಂದಿನಿಂದ ಗಾಳಿ ಬೀಸಿತೋ, ಅವತ್ತು ರಾತ್ರಿಯೇ ಹೊರಟುಬಿಡುತ್ತವೆ. ಭಾನುವಾರಕ್ಕೆ ಅಂತ ಕಾದರೆ ಸಿಗುವುದಿಲ್ಲ.

ಇನ್ನು "ಎಲ್ಲ ಒಂದೇ ಥರ" ಅನ್ನುವ ಮಾತು. ಬಣ್ಣ ಬಿಟ್ಟು ಕೊಕ್ಕು ನೋಡಿ, ಊಟ ಮಾಡುವ ರೀತಿ ನೋಡಿ. ಪ್ಲವರ್ ಅನ್ನುವ ದಡದ ಹಕ್ಕಿ ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಒಂದು ಸಲ ಕುಕ್ಕುತ್ತದೆ, ಮತ್ತೆ ಓಟ. ಅದು ಕಣ್ಣಿನಿಂದ ಹುಡುಕುವ ಹಕ್ಕಿ, ಅದಕ್ಕೇ ಕೊಕ್ಕು ಗಿಡ್ಡ. ಗಾಡ್‌ವಿಟ್ ಉದ್ದ ಕೊಕ್ಕನ್ನು ಕೆಲವೊಮ್ಮೆ ಮುಖದವರೆಗೂ ಕೆಸರಿಗೆ ಇಳಿಸಿ, ಒಳಗೇ ತುದಿಯನ್ನಷ್ಟೇ ತೆರೆದು ಹುಳು ಹಿಡಿಯುತ್ತದೆ. ಸೂಜಿಬಾಲದ ಬಾತು ಬಾಲ ಮೇಲೆ ಮಾಡಿ ತಲೆ ಮುಳುಗಿಸುತ್ತದೆ. ಎಲ್ಲಕ್ಕಿಂತ ನನಗೆ ಇಷ್ಟ ಫ್ಯಾಲರೋಪ್. ಪುಟ್ಟ ಹಕ್ಕಿ, ಸೂಜಿಯಂಥ ಕೊಕ್ಕು. ನೀರ ಮೇಲೆ ಬುಗುರಿ ಥರ ಗಿರಗಿರ ತಿರುಗುತ್ತದೆ, ಆ ಸುಳಿಗೆ ಕೆಳಗಿನ ಸಣ್ಣ ಜೀವಿಗಳು ಮೇಲೆ ಬರುತ್ತವೆ. ಆಮೇಲೆ ಹುಳು ಇರುವ ನೀರಿನ ಹನಿಯನ್ನೇ ಕೊಕ್ಕಿನ ತುದಿಗೆ ಹಿಡಿದು, ಕೊಕ್ಕನ್ನು ತೆರೆದು ಮುಚ್ಚಿ ತೆರೆದು ಮುಚ್ಚಿ, ಹನಿಯನ್ನು ಬಾಯಿಯವರೆಗೆ ಏರಿಸಿಕೊಳ್ಳುತ್ತದೆ. ಈ ಜಾತಿಯಲ್ಲಿ ಬಣ್ಣ ಜಾಸ್ತಿ ಹೆಣ್ಣಿಗೆ, ಮೊಟ್ಟೆಗೆ ಕಾವು ಕೊಡುವುದು ಗಂಡು.

ವಸಂತದಲ್ಲಿ ಇನ್ನೊಂದು ಅನುಕೂಲ ಇದೆ. ಚಳಿಗಾಲದ ಮಾಸಲು ಗರಿ ಉದುರಿ ಮರಿ ಮಾಡುವ ಕಾಲದ ಬಣ್ಣ ಬರುವ ಹೊತ್ತು ಇದು, ಒಂದೇ ಹಿಂಡಿನಲ್ಲಿ ಬೂದು, ಅರ್ಧ ಇಟ್ಟಿಗೆ ಕೆಂಪು, ಪೂರ್ತಿ ಕೆಂಪು ಗಾಡ್‌ವಿಟ್‌ಗಳು ಒಟ್ಟಿಗೆ ನಿಂತಿರಬಹುದು. ಗೂಡು ಕಟ್ಟುವ ಜಾಗ ಹಿಡಿಯುವ ಅವಸರ ಬೇರೆ, ಹಾಗಾಗಿ ಮರಿ ಮಾಡಿ ಮುಗಿಸಿ ದಕ್ಷಿಣಕ್ಕೆ ಬರುವಾಗಿನಷ್ಟು ನಿಧಾನ ಈಗ ಇರುವುದಿಲ್ಲ. ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. ಅದಕ್ಕೇ ಹತ್ತು ಕೆರೆ ನೋಡುವ ಬದಲು ಒಂದೇ ಕೆರೆಗೆ ಹತ್ತು ಸಲ ಹೋಗಿ. ತಾರೀಕು, ಗಾಳಿಯ ದಿಕ್ಕು, ನೀರಿನ ಮಟ್ಟ, ಯಾವುದು ಎಷ್ಟು, ಇಷ್ಟನ್ನು ಸುಮ್ನೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಹಕ್ಕಿಯ ಕಾಲುಗಳನ್ನೂ ನೋಡಿ, ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ತಿಳಿಯಲು ಅಲ್ಲಿ ಉಂಗುರ ತೊಡಿಸಿರುತ್ತಾರೆ. ಡೆನ್ಮಾರ್ಕಿನ ಶಾಲಾ ಮಾಸ್ತರು ಮಾರ್ಟೆನ್‌ಸೆನ್ 1899ರಲ್ಲಿ ನಂಬರು ಹಾಕಿದ ಉಂಗುರಗಳನ್ನು ಹಕ್ಕಿಗಳ ಕಾಲಿಗೆ ತೊಡಿಸಲು ಶುರು ಮಾಡಿದಾಗಿನಿಂದ ಈ ಕೆಲಸ ನಿಂತಿಲ್ಲ. ಬಣ್ಣದ ಉಂಗುರ ಕಂಡರೆ ಯಾವ ಕಾಲು, ಯಾವ ಬಣ್ಣ, ಮೇಲಿನದು ಯಾವುದು ಅಂತ ಅಲ್ಲೇ ಬರೆದುಕೊಳ್ಳಿ, ಮನೆಗೆ ಬಂದು ನೆನಪಿಸಿಕೊಂಡರೆ ತಪ್ಪಾಗುತ್ತದೆ.

ನಿಮ್ಮ ಬಾಲ ಕುಣಿಸುವ ಹಕ್ಕಿ ನೀವು ಬರೆದ ಹಾಗೇ ಇದ್ದರೆ, ಅಂದರೆ ಕಂದು ಬೆನ್ನು, ಬಿಳಿ ಹೊಟ್ಟೆ, ಒಂಟಿಯಾಗಿ ಕಲ್ಲಿನಿಂದ ಕಲ್ಲಿಗೆ ಓಡಾಟ, ಅದು ಬಹುಶಃ ಕಾಮನ್ ಸ್ಯಾಂಡ್‌ಪೈಪರ್. ಖಚಿತ ಮಾಡಿಕೊಳ್ಳಲು ರೆಕ್ಕೆಯ ಮುಂದೆ, ಭುಜದ ಹತ್ತಿರ ನೋಡಿ, ಹೊಟ್ಟೆಯ ಬಿಳುಪು ಅಲ್ಲಿ ಮೇಲಕ್ಕೆ ಚೂಪಾಗಿ ನುಗ್ಗಿರುತ್ತದೆ. ಹಾರಿದರೆ ನೀರಿಗೆ ತಾಗುವಷ್ಟು ತಗ್ಗಿನಲ್ಲಿ, ರೆಕ್ಕೆಯನ್ನು ಬಿಗಿಯಾಗಿ ಪಟಪಟ ಬಡಿದು ಒಂದು ಕ್ಷಣ ತೇಲಿ ಹೋಗುತ್ತದೆ. ಹೋಗಲಿ ಬಿಡಿ, ನೀವು ಕೂತ ಜಾಗದಿಂದ ಏಳಬೇಡಿ.