ಮೇಲಕ್ಕೆ ಎಸೆದ ಕಲ್ಲಿನ ಲೆಕ್ಕದಲ್ಲಿ ವರ್ಗಮೂಲದೊಳಗೆ ಮೈನಸ್ ಬಂದರೆ

ತೊಂದರೆ ಬಹುಶಃ ಪ್ಲಸ್ ಮೈನಸ್ ಚಿಹ್ನೆಯದ್ದು, ನಿಮ್ಮ ಗಣಿತದ್ದಲ್ಲ. ವಿಡಿಯೋ ಪಾಠ ನೋಡುವಾಗ ಎಲ್ಲ ಅರ್ಥವಾಗುತ್ತದೆ, ಲೆಕ್ಕಕ್ಕೆ ಕೂತರೆ ವರ್ಗಮೂಲದೊಳಗೆ ಮೈನಸ್ ಬರುತ್ತದೆ ಅಂದಿರಲ್ಲ, ಅದಕ್ಕೆ ಕಾರಣ ಇದಿರಬಹುದು: ಒಬ್ಬ ಮೇಷ್ಟ್ರು ಮೇಲಿನ ದಿಕ್ಕನ್ನು ಪ್ಲಸ್ ಅಂತ ಹಿಡಿಯುತ್ತಾರೆ, ಇನ್ನೊಬ್ಬರು ಕೆಳಗಿನದನ್ನು. ಎರಡು ಚಾನೆಲ್ ನೋಡಿದವರಿಗೆ ಇದು ಕಲಸಿಹೋಗುತ್ತದೆ.

ಮೊದಲು ಚಿತ್ರ ಬರೆಯಿರಿ. 15 ಮೀಟರ್ ಎತ್ತರದ ದರೆ ಮೇಲೆ ನಿಂತು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಕಲ್ಲನ್ನು ನೆಟ್ಟಗೆ ಮೇಲಕ್ಕೆ ಎಸೆದಿರಿ, ಅದು ವಾಪಸ್ ಬರುವಾಗ ಕೆಳಗಿನ ಗದ್ದೆಗೆ ಬಿತ್ತು ಅಂದುಕೊಳ್ಳಿ. ಪಕ್ಕದಲ್ಲಿ ಮೇಲ್ಮುಖದ ಬಾಣ ಹಾಕಿ ಪ್ಲಸ್ ಅಂತ ಬರೆಯಿರಿ, ಲೆಕ್ಕ ಮುಗಿಯುವವರೆಗೆ ಅದನ್ನು ಬದಲಿಸಬೇಡಿ. ಈಗ ಆರಂಭದ ವೇಗ +10, ಗುರುತ್ವದ ವೇಗೋತ್ಕರ್ಷ −10 (ಸುಲಭವಾಗಲಿ ಅಂತ 9.8 ಬಿಟ್ಟೆ), ಸ್ಥಾನಪಲ್ಲಟ, ಅಂದರೆ ಎಸೆದ ಜಾಗದಿಂದ ಬಿದ್ದ ಜಾಗಕ್ಕಿರುವ ದೂರ ದಿಕ್ಕಿನ ಸಮೇತ, −15, ಯಾಕಂದರೆ ಗದ್ದೆ ಇರುವುದು ಎಸೆದ ಜಾಗಕ್ಕಿಂತ ಕೆಳಗೆ ಅಲ್ವಾ? s = ut + ½at² ಸೂತ್ರಕ್ಕೆ ಹಾಕಿ (s ಸ್ಥಾನಪಲ್ಲಟ, u ಆರಂಭದ ವೇಗ, a ವೇಗೋತ್ಕರ್ಷ, t ಸಮಯ) ವರ್ಗ ಸಮೀಕರಣ ಬಿಡಿಸಿದರೆ ಕಲ್ಲು ಗದ್ದೆಗೆ ಬೀಳಲು 3 ಸೆಕೆಂಡ್ ಅಂತ ಬರುತ್ತದೆ. ತಾಳೆ ನೋಡಿ: 5 ಮೀಟರ್ ಮೇಲೇರಲು 1 ಸೆಕೆಂಡ್, ಅಲ್ಲಿಂದ 20 ಮೀಟರ್ ಬೀಳಲು 2.

ಇಲ್ಲಿ ಸ್ಥಾನಪಲ್ಲಟಕ್ಕೆ +15 ಹಾಕಿದರೆ ವರ್ಗಮೂಲದೊಳಗೆ ನೀವು ಹೇಳಿದ ಮೈನಸ್ ಬರುತ್ತದೆ. 5 ಮೀಟರ್ ಮಾತ್ರ ಏರುವ ಕಲ್ಲು 15 ಮೀಟರ್ ಮೇಲೆ ಯಾವಾಗ ಇರುತ್ತದೆ ಅಂತ ಕೇಳಿದರೆ ಗಣಿತ ಪಾಪ ಇನ್ನೇನು ಹೇಳೀತು!

ಇನ್ನು ಮುಂದೆ ಒಬ್ಬರದೇ ಪಾಠಗಳನ್ನು ಇಳಿಸಿಟ್ಟುಕೊಳ್ಳಿ, ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ನೆಟ್‌ವರ್ಕ್ ನಂಬಿ ಕೂರೋಕಾಗಲ್ಲ. ಪ್ರಶ್ನೆ ಓದಿದ ಕೂಡಲೇ ವಿಡಿಯೋ ನಿಲ್ಲಿಸಿ, ನೀವೇ ಮಾಡಿ, ಆಮೇಲೆ ಮುಂದಕ್ಕೆ ಬಿಡಿ. ಸುಮ್ನೆ ನೋಡುತ್ತಾ ಹೋದರೆ ಕೈಗೆ ಹತ್ತುವುದಿಲ್ಲ. ಇಷ್ಟಾದ ಮೇಲೂ ಮೈನಸ್ ಬಂದರೆ ಕಾರಣ ಬೇರೆ ಇರಬಹುದು, ನೀವು ಬರೆದ ಹಂತಗಳ ಫೋಟೋ ಹಾಕಿ.