ಸಲಹೆ ಕೇಳಬಹುದು, ಅಪ್ಪಣೆ ಪಡೆಯುವಂತಿಲ್ಲ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಸರ್ಕಾರದ ಪ್ರಧಾನ ವಕೀಲರಾದ ಅಟಾರ್ನಿ ಜನರಲ್ ಹುದ್ದೆಯನ್ನು ಕುರಿತು ಪ್ರಕಟವಾದ ಲೇಖನಕ್ಕೆ ತಾವು ಬರೆದ ಪ್ರತಿಕ್ರಿಯೆ ತಲುಪಿದೆ. ಸರ್ಕಾರವೇ ನೇಮಿಸಿ, ಬೇಡವೆನಿಸಿದಾಗ ಸರ್ಕಾರವೇ ಕೆಳಗಿಳಿಸಬಹುದಾದ ವ್ಯಕ್ತಿ ಆ ಸರ್ಕಾರಕ್ಕೇ ‘ಇದು ಕಾನೂನಿಗೆ ವಿರುದ್ಧ’ ಎಂದು ಹೇಳುವುದುಂಟೇ ಎಂದು ಕೇಳಿರುವ ತಾವು, ನ್ಯಾಯಾಧೀಶರಂತೆ ಅವರಿಗೂ ಸೇವಾಭದ್ರತೆ ಬೇಕೆಂದು ಸೂಚಿಸಿದ್ದೀರಿ. ಈ ಸೂಚನೆಯನ್ನು ಅರ್ಧ ಮಾತ್ರ ಒಪ್ಪಬಲ್ಲೆ.

ಅನೇಕ ದೇಶಗಳಲ್ಲಿ ಈ ಹುದ್ದೆಯೊಳಗೆ ಎರಡು ಕೆಲಸಗಳು ಸೇರಿಕೊಂಡಿವೆ. ಸಲಹೆ ಕೊಡುವಾಗ, ವಾದ ಮಂಡಿಸುವಾಗ ಸರ್ಕಾರ ಅವರ ಕಕ್ಷಿದಾರ. ಯಾರ ಮೇಲೆ ಮೊಕದ್ದಮೆ ಹೂಡಬೇಕು, ಯಾವುದನ್ನು ಕೈಬಿಡಬೇಕು ಎಂದು ನಿರ್ಧರಿಸುವಾಗ ಮಾತ್ರ ಅವರಿಗೆ ಕಕ್ಷಿದಾರನೇ ಇಲ್ಲ. 1924ರಲ್ಲಿ ಬ್ರಿಟನ್ನಿನಲ್ಲಿ ಎಡವಟ್ಟಾದದ್ದು ಇಲ್ಲಿಯೇ. ಮುಷ್ಕರ ಹೂಡಿದ ಕಾರ್ಮಿಕರ ಮೇಲೆ ಗುಂಡು ಹಾರಿಸಬೇಡಿರೆಂದು ಸೈನಿಕರಿಗೆ ಕರೆಕೊಟ್ಟ ಕಮ್ಯುನಿಸ್ಟ್ ವಾರಪತ್ರಿಕೆಯ ಹಂಗಾಮಿ ಸಂಪಾದಕ ಜೆ.ಆರ್. ಕ್ಯಾಂಬೆಲ್ ಅವರ ಮೇಲೆ (ಸಂಪಾದಕನ ಕಥೆಯಾದ್ದರಿಂದ ನನಗೆ ತುಸು ಹೆಚ್ಚೇ ಆಸಕ್ತಿ) ಹೂಡಿದ್ದ ಮೊಕದ್ದಮೆಯನ್ನು ಅಟಾರ್ನಿ ಜನರಲ್ ಪ್ಯಾಟ್ರಿಕ್ ಹೇಸ್ಟಿಂಗ್ಸ್ ಹಿಂತೆಗೆದುಕೊಂಡರು. ಹಿಂತೆಗೆತಕ್ಕೆ ಸಕಾರಣಗಳು ಇದ್ದಿರಬಹುದು. ಆದರೆ ರಾಜಕೀಯ ಸ್ವರೂಪದ ಮೊಕದ್ದಮೆಗಳಿಗೆ ಸಂಪುಟದ ಪೂರ್ವಾನುಮತಿ ಬೇಕೆಂದು ಮಂತ್ರಿಗಳು ಅದೇ ಸಂದರ್ಭದಲ್ಲಿ ತೀರ್ಮಾನಿಸಿಕೊಂಡಿದ್ದರಿಂದ, ನಿರ್ಧಾರ ಯಾರದೆಂಬ ಅನುಮಾನ ಹುಟ್ಟಿ, ಪ್ರಧಾನಿ ಮ್ಯಾಕ್‌ಡೊನಾಲ್ಡ್ ಸರ್ಕಾರವೇ ಉರುಳಿತು. 1951ರಲ್ಲಿ ಆಗಿನ ಅಟಾರ್ನಿ ಜನರಲ್ ಹಾರ್ಟ್ಲಿ ಶಾಕ್ರಾಸ್ ಸಂಸತ್ತಿನಲ್ಲಿ ಗೆರೆ ಎಳೆದರು: ಅಟಾರ್ನಿ ಜನರಲ್ ಸಾರ್ವಜನಿಕ ಹಿತದ ಬಗ್ಗೆ ಸಹೋದ್ಯೋಗಿ ಮಂತ್ರಿಗಳನ್ನು ವಿಚಾರಿಸಬಹುದು, ನಿರ್ಧಾರ ಹೀಗಿರಲಿ ಎಂದು ಅವರು ಹೇಳುವಂತಿಲ್ಲ, ಹೊಣೆಯನ್ನು ಅವರ ಮೇಲೆ ಹಾಕುವಂತೆಯೂ ಇಲ್ಲ.

ಭಾರತದ ಏರ್ಪಾಟು ಬೇರೆ. ಸಂವಿಧಾನದ 76ನೇ ವಿಧಿಯ ಪ್ರಕಾರ ನೇಮಕವಾಗುವ ಅಟಾರ್ನಿ ಜನರಲ್ ಮಂತ್ರಿಯಲ್ಲ. ಸದನದಲ್ಲಿ ಮಾತನಾಡಬಹುದು, ಮತ ಹಾಕುವಂತಿಲ್ಲ. ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ ಅಧಿಕಾರ. ದಿನನಿತ್ಯದ ಕ್ರಿಮಿನಲ್ ಮೊಕದ್ದಮೆಗಳು ಅವರ ಕೈಯಲ್ಲಿಲ್ಲ. ಆದರೂ ಖಾಸಗಿ ವ್ಯಕ್ತಿಯೊಬ್ಬರು ಸುಪ್ರೀಂ ಕೋರ್ಟಿನಲ್ಲಿ ಕ್ರಿಮಿನಲ್ ನ್ಯಾಯಾಂಗ ನಿಂದನೆಯ ಅರ್ಜಿ ಸಲ್ಲಿಸಬೇಕಾದರೆ 1971ರ ಕಾಯ್ದೆಯಂತೆ ಕಾನೂನು ಅಧಿಕಾರಿಯ (ಅಟಾರ್ನಿ ಜನರಲ್ ಅಥವಾ ಅವರ ನಂತರದ ಸಾಲಿಸಿಟರ್ ಜನರಲ್) ಲಿಖಿತ ಒಪ್ಪಿಗೆ ಬೇಕು.

ತಮ್ಮ ಅನುಮಾನಕ್ಕೆ 1975 ಪುಷ್ಟಿ ಕೊಡುತ್ತದೆ. ತುರ್ತು ಪರಿಸ್ಥಿತಿ ಘೋಷಣೆಯಾದೊಡನೆ ಅಡಿಷನಲ್ ಸಾಲಿಸಿಟರ್ ಜನರಲ್ ಫಾಲಿ ನಾರಿಮನ್ ರಾಜೀನಾಮೆ ಕೊಟ್ಟರು. ಅಟಾರ್ನಿ ಜನರಲ್ ನಿರೇನ್ ಡೇ ಉಳಿದರು. ಪೊಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೂ ನ್ಯಾಯಾಲಯದ ಮೊರೆಹೋಗುವ ದಾರಿಯಿಲ್ಲವೇ ಎಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಖನ್ನಾ ಕೇಳಿದಾಗ, ತುರ್ತು ಪರಿಸ್ಥಿತಿ ಇರುವತನಕ ಇಲ್ಲವೆಂದೇ ಡೇ ಉತ್ತರಿಸಿದರು.

ಹಾಗೆಂದು ಸಲಹೆಗಾರನಿಗೆ ಸೇವಾಭದ್ರತೆ ಕೊಟ್ಟರೆ, ನಂಬಿಕೆಯಿಲ್ಲದ ವಕೀಲನನ್ನು ಕಕ್ಷಿದಾರನ ಕೊರಳಿಗೆ ಕಟ್ಟಿದಂತಾಗುತ್ತದೆ. ಮಂತ್ರಿಗಳು ಅವರನ್ನು ಕೇಳುವುದನ್ನೇ ಬಿಟ್ಟು ಬೇರೆಡೆ ಅಭಿಪ್ರಾಯ ಪಡೆಯುತ್ತಾರೆ, ಅಷ್ಟೆ. ಮೊಕದ್ದಮೆ ನಿರ್ಧರಿಸುವವರಿಗೆ ಮಾತ್ರ ಆ ಭದ್ರತೆ ಅಗತ್ಯವೆಂದು ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಪೊಲೀಸ್ ತನಿಖೆಯ ಮೊಕದ್ದಮೆಗಳನ್ನು 1986ರಿಂದ ಪ್ರತ್ಯೇಕ ಅಭಿಯೋಜನಾ ಸಂಸ್ಥೆ ನಡೆಸುತ್ತಿದೆ. ಆದರೂ ಕೆಲವು ಅಪರಾಧಗಳಿಗೆ ಅಟಾರ್ನಿ ಜನರಲ್ ಒಪ್ಪಿಗೆ ಇಂದಿಗೂ ಬೇಕು.

– ಸಂಪಾದಕ